ಮೊದಲ ಹತ್ತು ಎಂಜಿನ್‌ಗಳನ್ನೇ ಕರೆದರೆ ಆಗಲ್ವಾ?

ಪ್ರಶ್ನೆ: ಕಂಪ್ಯೂಟರ್ ಚೆಸ್ ಟೂರ್ನಿಗೆ ರೇಟಿಂಗ್ ಪಟ್ಟಿಯ ಮೊದಲ ಹತ್ತು ಎಂಜಿನ್‌ಗಳನ್ನು (ಚೆಸ್ ಆಡುವ ಪ್ರೋಗ್ರಾಂಗಳನ್ನು) ಸುಮ್ನೆ ಕರೆದರೆ ಆಯ್ತಲ್ವಾ? ಆಯ್ಕೆಯ ಬಗ್ಗೆ ಯಾಕಿಷ್ಟು ಜಗಳ?

ಹಾಗೆ ಕರೆದರೆ ಹೆಸರು ಹತ್ತು ಇರುತ್ತವೆ, ಒಳಗಿನ ತಲೆ ಮೂರೋ ನಾಲ್ಕೋ ಇರಬಹುದು. ಸ್ಟಾಕ್‌ಫಿಶ್ ಅನ್ನೋ ಬಲಿಷ್ಠ ಎಂಜಿನ್‌ನ ಕೋಡ್ ಎಲ್ಲರಿಗೂ ತೆರೆದಿದೆ. ಅದನ್ನು ಇಳಿಸಿಕೊಂಡು, ನಾಲ್ಕು ಅಂಕಿ ತಿದ್ದಿ, ಹೊಸ ಹೆಸರಿಟ್ಟರೆ ಒಂದೇ ಸಂಜೆಯಲ್ಲಿ ಭಾರಿ ಎಂಜಿನ್ ರೆಡಿ. ಪರವಾನಗಿಯ ಷರತ್ತು ಪಾಲಿಸಿದರೆ ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಆದರೆ ವರ್ಷಗಟ್ಟಲೆ ಒಬ್ಬರೇ ಕೂತು ಮೊದಲ ಸಾಲಿನಿಂದ ಬರೆದ ಎಂಜಿನ್ ಅದರಿಂದಾಗಿ 11ನೇ ಸ್ಥಾನಕ್ಕೆ ಜಾರಿ ಹೊರಗುಳಿದರೆ? ನನ್ನ ಪ್ರಕಾರ ಅದು ಅನ್ಯಾಯವೇ.

ರೇಟಿಂಗ್ ಕೂಡ ಅಷ್ಟು ಕರಾರುವಾಕ್ಕಲ್ಲ. 10 ಎಲೋ (ರೇಟಿಂಗ್ ಅಳೆಯುವ ಅಂಕ) ವ್ಯತ್ಯಾಸ ಅಂದರೆ ಮೇಲಿರುವ ಎಂಜಿನ್‌ಗೆ 100 ಆಟಗಳಲ್ಲಿ ಸುಮಾರು 51.4 ಅಂಕ ನಿರೀಕ್ಷಿಸಬಹುದು, ಅಷ್ಟೇ. ಹತ್ತನೆಯದಕ್ಕೂ ಹನ್ನೊಂದನೆಯದಕ್ಕೂ ಇರುವ ಅಂತರ ಎಷ್ಟೋ ಸಲ ಅದೃಷ್ಟದ್ದು.

ಹಾಗಾದರೆ ಸ್ವಂತದ್ದು ಯಾವುದು, ನಕಲು ಯಾವುದು? ಕಷ್ಟವೆಲ್ಲ ಇಲ್ಲೇ. 2011ರಲ್ಲಿ, ಕಂಪ್ಯೂಟರ್ ಚೆಸ್‌ನ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದ್ದ ಐಸಿಜಿಎ ಸಂಸ್ಥೆ ರಿಬ್ಕಾ ಎಂಜಿನ್ ಅನರ್ಹ ಎಂದು ಹೇಳಿ, 2007ರಿಂದ 2010ರವರೆಗಿನ ಅದರ ವಿಶ್ವ ಪ್ರಶಸ್ತಿಗಳನ್ನು ವಾಪಸ್ ಪಡೆಯಿತು. ಕ್ರಾಫ್ಟಿ ಮತ್ತು ಫ್ರೂಟ್ ಎಂಜಿನ್‌ಗಳಿಂದ ಕೋಡ್ ತೆಗೆದುಕೊಂಡಿದೆ ಅನ್ನೋದು ಆರೋಪ. ಮುಂದಿಟ್ಟ ಸಾಕ್ಷಿಗಳಲ್ಲಿ ಒಂದು ತೀರಾ ಚಿಕ್ಕದು: ಹಳೇ ರಿಬ್ಕಾದಲ್ಲಿ ಸಮಯದ ಲೆಕ್ಕವೆಲ್ಲ ಪೂರ್ಣಾಂಕದಲ್ಲಿದ್ದರೂ ಒಂದು ಕಡೆ ಸಮಯವನ್ನು 0.0 ಎಂಬ ದಶಾಂಶ ಸಂಖ್ಯೆಯ ಜೊತೆ ಹೋಲಿಸಿತ್ತು. ಫ್ರೂಟ್‌ನಲ್ಲಿ ಸಮಯವನ್ನು ದಶಾಂಶದಲ್ಲೇ ಇಡುತ್ತಿದ್ದರು, ಹಾಗಾಗಿ ಅಲ್ಲಿ 0.0 ಸಹಜ. ರಿಬ್ಕಾದಲ್ಲಿ ಅದು ಎಲ್ಲಿಂದ ಬಂತು? ರಿಬ್ಕಾ ಬರೆದ ವಾಸಿಕ್ ರಾಯ್ಲಿಚ್ ಆರೋಪವನ್ನು ಒಪ್ಪಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಐಸಿಜಿಎ ರಾಯ್ಲಿಚ್‌ಗೆ ಆಜೀವ ನಿಷೇಧವನ್ನೂ ಹಾಕಿತ್ತು. ಅಂಥ ಶಿಕ್ಷೆಗೆ ಸಂಸ್ಥೆಯ ನಿಯಮಗಳಲ್ಲಿ ಸ್ಪಷ್ಟ ಆಧಾರವೇ ಇರಲಿಲ್ಲ ಎಂದು 2015ರಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನೈತಿಕ ಆಯೋಗ ಹೇಳಿತು. ನಕಲು ತಡೆಯುವುದು ಎಷ್ಟು ಮುಖ್ಯವೋ, ಯಾವುದು ನಕಲು, ಅದಕ್ಕೆ ಏನು ಶಿಕ್ಷೆ ಅಂತ ಮೊದಲೇ ಬರೆದಿಡುವುದೂ ಅಷ್ಟೇ ಮುಖ್ಯ. ಆಟ ಶುರುವಾದ ಮೇಲೆ ನಿಯಮ ಹುಡುಕಬಾರದು.

ನ್ಯೂರಲ್ ನೆಟ್‌ವರ್ಕ್ (ತರಬೇತಿಯಿಂದ ಕಲಿಯುವ ಲೆಕ್ಕಜಾಲ) ಬಂದ ಮೇಲೆ ಇದು ಇನ್ನೂ ಗೋಜಲಾಯಿತು. ಲೀಲಾ ಎಂಬ ಎಂಜಿನ್‌ನ ಕೋಡ್ ಬೇರೆಯವರ ನೆಟ್‌ವರ್ಕ್ ಓಡಿಸಿದರೆ ಅದು ಯಾರ ಎಂಜಿನ್? ಎಂಜಿನ್‌ಗಳಿಗಾಗಿಯೇ ನಡೆಯುವ ಟಿಸಿಇಸಿ ಟೂರ್ನಿ ಇದಕ್ಕೊಂದು ಅಳತೆ ಮಾಡಿಕೊಂಡಿತು. ತರಬೇತಿ ಕೊಟ್ಟ ಕೋಡ್, ತಯಾರಾದ ನೆಟ್‌ವರ್ಕ್, ಅದನ್ನು ಓಡಿಸುವ ಎಂಜಿನ್, ಈ ಮೂರರಲ್ಲಿ ಎರಡಾದರೂ ಸ್ವಂತದ್ದಾಗಿರಬೇಕು. ಎಲ್ಲರಿಗೂ ತೃಪ್ತಿ ಆಗದಿರಬಹುದು, ಆದರೆ ಮೊದಲೇ ಓದಿಕೊಂಡು ಬರಬಹುದಾದ ನಿಯಮ. ಅದು ನನಗೆ ಇಷ್ಟ.

ಬಲಾಬಲದ ತೀರ್ಮಾನವನ್ನು ಅಲ್ಲಿ ಲೀಗ್‌ಗಳಿಗೇ ಬಿಟ್ಟಿದ್ದಾರೆ. ಗೆದ್ದವರು ಮೇಲಿನ ಲೀಗ್‌ಗೆ, ಸೋತವರು ಕೆಳಗೆ. ನೀವು ಕೇಳಿದ ರೇಟಿಂಗ್ ಪಟ್ಟಿಗೂ ಇಂಥ ಕಡೆ ಕೆಲಸವಿದೆ: ಹೊಸಬರನ್ನು ಯಾವ ಲೀಗ್‌ನಿಂದ ಶುರು ಮಾಡಿಸಬೇಕು ಅಂತ ಅಂದಾಜು ಮಾಡಲು ಅದು ಸಾಕು.