‘ರಕ್ತ ಕಡಿಮೆ ಇದೆ’ ಅಂದರೆ ಕಡಿಮೆ ಇರೋದು ಏನು?

ಲ್ಯಾಬ್ ರಿಪೋರ್ಟ್ ಕೈಗೆ ಬರುತ್ತದೆ. ಹಿಮೋಗ್ಲೋಬಿನ್ 11.4 ಅಂತ ಇರುತ್ತದೆ, ಪಕ್ಕದಲ್ಲಿ ಕೆಳಗೆ ತೋರಿಸುವ ಒಂದು ಬಾಣ. ‘ಅಯ್ಯೋ, ರಕ್ತ ಕಡಿಮೆ ಇದೆ’ ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಆದರೆ ಲ್ಯಾಬಿನವರು ನಿಮ್ಮ ಮೈಯಲ್ಲಿ ಎಷ್ಟು ರಕ್ತ ಇದೆ ಅಂತ ಅಳೆದಿರುವುದೇ ಇಲ್ಲ.

ಹಿಮೋಗ್ಲೋಬಿನ್ ಅಂದರೆ ಕೆಂಪು ರಕ್ತಕಣದ ಒಳಗೆ ತುಂಬಿಕೊಂಡಿರುವ ಒಂದು ಪ್ರೋಟೀನ್. ಗ್ಲೋಬಿನ್ ಅನ್ನುವ ನಾಲ್ಕು ಸರಪಳಿಗಳು ಸುತ್ತಿಕೊಂಡು ಉಂಡೆಯಾಗಿರುತ್ತವೆ. ಒಂದೊಂದರಲ್ಲೂ ಹೀಮ್ ಅನ್ನುವ ಒಂದು ಸಣ್ಣ ಭಾಗ, ಹೀಮ್‌ನ ನಡುವೆ ಕಬ್ಬಿಣದ ಒಂದು ಪರಮಾಣು. ಶ್ವಾಸಕೋಶದಿಂದ ಹೊರಟ ಆಮ್ಲಜನಕ ಕೂರುವುದು ಈ ಕಬ್ಬಿಣದ ಮೇಲೆ. ಒಂದೇ ಒಂದು ರಕ್ತಕಣದಲ್ಲಿ ಇಂಥ ಸುಮಾರು 27 ಕೋಟಿ ಅಣುಗಳಿರುತ್ತವೆ.

ರಿಪೋರ್ಟಿನ 11.4 ಅನ್ನುವುದು 100 ಮಿಲಿ ರಕ್ತದಲ್ಲಿ ಇರುವ ಹಿಮೋಗ್ಲೋಬಿನ್ ಎಷ್ಟು ಗ್ರಾಂ ಅನ್ನುವ ಲೆಕ್ಕ. ಅಂದರೆ ಅದು ರಕ್ತ ಎಷ್ಟು ಗಟ್ಟಿ, ಎಷ್ಟು ತೆಳು ಅಂತ ಹೇಳುತ್ತದೆ. ಲೋಟದ ನೀರಿಗೆ ಎರಡು ಚಮಚ ಬಣ್ಣ ಹಾಕಿ, ಆಮೇಲೆ ಇನ್ನೂ ಅರ್ಧ ಲೋಟ ನೀರು ಸುರಿಯಿರಿ. ಬಣ್ಣ ತೆಳುವಾಯಿತು, ಆದರೆ ಹಾಕಿದ ಬಣ್ಣ ಅಷ್ಟೇ ಇದೆ ಅಲ್ವಾ?

ಗರ್ಭಿಣಿಯರಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಶೇ. 40ರಿಂದ 50ರಷ್ಟು ಏರುತ್ತದೆ. ಕೆಂಪುಕಣಗಳೂ ಏರುತ್ತವೆ, ಆದರೆ ಅಷ್ಟಲ್ಲ. ಹಾಗಾಗಿ ಮೈಯಲ್ಲಿ ರಕ್ತ ಮೊದಲಿಗಿಂತ ಜಾಸ್ತಿ ಇದ್ದರೂ ರಿಪೋರ್ಟಿನ ಸಂಖ್ಯೆ ಇಳಿದಿರುತ್ತದೆ! ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಯ ಗೆರೆಯನ್ನು ಗಂಡಸರಿಗೆ 13, ಹೆಂಗಸರಿಗೆ 12 ಅಂತ ಇಟ್ಟು, ಗರ್ಭಿಣಿಯರಿಗೆ ಮೊದಲ ಮತ್ತು ಕೊನೆಯ ಮೂರು ತಿಂಗಳಲ್ಲಿ 11 ಅಂತ ಇಟ್ಟಿದೆ. ನಡುವಿನ ಮೂರು ತಿಂಗಳಿಗೆ ಇನ್ನೂ ಸ್ವಲ್ಪ ಕೆಳಗೆ, 10.5. ಹಾಗಂತ ಗರ್ಭಿಣಿಯ ಕಡಿಮೆ ಸಂಖ್ಯೆಯೆಲ್ಲ ಬರೀ ನೀರಿನ ಆಟ ಅಂದುಕೊಳ್ಳಬೇಡಿ. ಮಗು ಬೆಳೆಯಲು ಕಬ್ಬಿಣ ಬೇಕೇ ಬೇಕು. ಗೆರೆಯಿಂದ ಕೆಳಗೆ ಹೋದರೆ ಅದು ನಿಜವಾದ ಕೊರತೆ ಇರಬಹುದು.

ಗಂಡಸಿಗೂ ಹೆಂಗಸಿಗೂ ಯಾಕೆ ಒಂದು ಗ್ರಾಂ ವ್ಯತ್ಯಾಸ? ಚಿಕ್ಕ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡುವೆ ಹೇಳಿಕೊಳ್ಳುವಂಥ ಅಂತರ ಇರುವುದಿಲ್ಲ. ಹುಡುಗರು ದೊಡ್ಡವರಾಗುವಾಗ ಟೆಸ್ಟೊಸ್ಟಿರಾನ್ ಅನ್ನುವ ಹಾರ್ಮೋನು ಏರಿ, ಕೆಂಪುಕಣಗಳ ತಯಾರಿಯೂ ಏರುತ್ತದೆ. ಹುಡುಗಿಯರಿಗೆ ಅದೇ ಹೊತ್ತಿಗೆ ಮುಟ್ಟು ಶುರುವಾಗುತ್ತದೆ. ಎರಡು ಮಿಲಿ ರಕ್ತ ಹೋದರೆ ಸುಮಾರು ಒಂದು ಮಿಲಿಗ್ರಾಂ ಕಬ್ಬಿಣ ಹೋದಂತೆ. ದೇಹ ಊಟದಿಂದ ದಿನಕ್ಕೆ ಹೀರಿಕೊಳ್ಳುವುದೇ ಒಂದೆರಡು ಮಿಲಿಗ್ರಾಂ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ ಈ ಜಮಾ-ಖರ್ಚು ಸರಿದೂಗುವುದೇ ಕಷ್ಟ.

ಎಳೆ ಮಕ್ಕಳ ಕಥೆ ನನಗೆ ಇನ್ನೂ ಸ್ವಾರಸ್ಯ ಅನ್ನಿಸುತ್ತದೆ. ಹುಟ್ಟಿದ ಮಗುವಿನ ಹಿಮೋಗ್ಲೋಬಿನ್ 16, 17 ಇರುವುದು ಮಾಮೂಲಿ, ದೊಡ್ಡವರಿಗಿಂತ ಜಾಸ್ತಿ. ಹೊಟ್ಟೆಯೊಳಗೆ ಆಮ್ಲಜನಕ ಕಡಿಮೆ, ಅದಕ್ಕೆ ಈ ತಯಾರಿ. ಹೊರಗೆ ಬಂದು ಉಸಿರಾಡಿದ ಮೇಲೆ ಆಮ್ಲಜನಕ ಧಾರಾಳ. ಮೂತ್ರಪಿಂಡದಿಂದ ಬರುವ ಎರಿಥ್ರೊಪೊಯೆಟಿನ್ ಅನ್ನುವ ಹಾರ್ಮೋನು ‘ಕಣ ತಯಾರಿಸು’ ಅಂತ ಮೂಳೆಯ ಮಜ್ಜೆಗೆ ಹೇಳುವುದನ್ನೇ ಕಡಿಮೆ ಮಾಡುತ್ತದೆ. ಎರಡು ಮೂರು ತಿಂಗಳಿಗೆ ಸಂಖ್ಯೆ 10ರ ಆಸುಪಾಸಿಗೆ ಇಳಿಯುತ್ತದೆ. ಹೊತ್ತು ತುಂಬಿ ಹುಟ್ಟಿ, ಚೆನ್ನಾಗಿರುವ ಮಗುವಿನಲ್ಲಿ ಇದು ಕಾಯಿಲೆಯಲ್ಲ, ತಾನಾಗೇ ಮತ್ತೆ ಏರುತ್ತದೆ.

ಬೆಟ್ಟದ ಮೇಲೆ ಇದರ ಉಲ್ಟಾ. ಗಾಳಿ ತೆಳು, ಆಮ್ಲಜನಕ ಸಾಲದು, ಹಾರ್ಮೋನು ಏರುತ್ತದೆ. 3000 ಮೀಟರ್ ಎತ್ತರದಲ್ಲಿ ವಾಸಿಸುವವರ ಹಿಮೋಗ್ಲೋಬಿನ್ ಲೆಕ್ಕ ಹಾಕುವಾಗ ಸುಮಾರು 2 ಗ್ರಾಂ ಕಳೆದು ನೋಡುವುದು ರೂಢಿ. ಆದರೆ ಎಲ್ಲಾ ಬೆಟ್ಟದ ಜನ ಒಂದೇ ಥರ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್‌ನವರಲ್ಲಿ ಸಂಖ್ಯೆ ತುಂಬಾ ಏರುತ್ತದೆ. ಅಷ್ಟೇ ಎತ್ತರದ ಟಿಬೆಟಿನವರಲ್ಲಿ ಅಷ್ಟು ಏರುವುದಿಲ್ಲ. ಅವರಲ್ಲಿ ಹೆಚ್ಚಾಗಿ ಕಾಣುವ ಇಪಿಎಎಸ್1 ಜೀನ್‌ನ ಒಂದು ಬಗೆ ಇದಕ್ಕೆ ಮುಖ್ಯ ಕಾರಣ. ಅವರಿಗೆ ಇದು ಒಳ್ಳೆಯದೇ, ಯಾಕೆಂದರೆ ಕಣ ತೀರಾ ಜಾಸ್ತಿಯಾದರೆ ರಕ್ತ ಮಂದವಾಗಿ ಹರಿಯುವುದೇ ತ್ರಾಸ.

ಸಿಗರೇಟು ಸೇದುವವರ ಸಂಖ್ಯೆಯೂ ಚೆನ್ನಾಗೇ ಕಾಣುತ್ತದೆ, ಆದರೆ ಅದನ್ನು ನಂಬುವಂತಿಲ್ಲ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಒಂದಷ್ಟು ಅಣುಗಳು ಸುಮ್ನೆ ಕೆಲಸಕ್ಕೆ ಬಾರದೆ ಕೂತಿರುತ್ತವೆ. ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಮಾಡುತ್ತದೆ.

ಸಂಖ್ಯೆ ಇಳಿಯಲು ಬೇರೆ ಕಾರಣಗಳೂ ಇವೆ. ಮೂತ್ರಪಿಂಡ ಸೋತವರಲ್ಲಿ ಎರಿಥ್ರೊಪೊಯೆಟಿನ್ ಹಾರ್ಮೋನೇ ಸಾಲದು. ಥಲಸ್ಸೀಮಿಯಾ ಅನ್ನುವ ಆನುವಂಶಿಕ ಕಾಯಿಲೆ ಇದ್ದವರಲ್ಲಿ ಗ್ಲೋಬಿನ್ ಸರಪಳಿಯೇ ಸರಿಯಾಗಿ ತಯಾರಾಗುವುದಿಲ್ಲ. ವಯಸ್ಸಾದವರಲ್ಲಿ ಇಳಿದರೆ ‘ವಯಸ್ಸಾಯ್ತು ಬಿಡಿ’ ಅನ್ನುವವರೇ ಜಾಸ್ತಿ. ಹುಡುಕಿದರೆ ಹಳೆಯ ಕಾಯಿಲೆಯೋ, ಹೊಟ್ಟೆಯೊಳಗೆ ಸಣ್ಣಗೆ ರಕ್ತ ಹೋಗುತ್ತಿರುವುದೋ ಸಿಗುವುದುಂಟು.

ಇನ್ನು ಒಬ್ಬರೇ ಮನುಷ್ಯ, ಒಂದೇ ದಿನ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಬತ್ತಿದಾಗ ಸಂಖ್ಯೆ ಸುಳ್ಳೇ ಏರಿರುತ್ತದೆ. ಮಲಗಿದ್ದವರು ಎದ್ದು ನಿಂತರೆ ಪ್ಲಾಸ್ಮಾದ ಸ್ವಲ್ಪ ನೀರು ರಕ್ತನಾಳದಿಂದ ಆಚೆ ಹೋಗುತ್ತದೆ, ಹಿಮೋಗ್ಲೋಬಿನ್ ತುಸು ಮೇಲೇರುತ್ತದೆ. ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಲ್ಲಿ 11.6, ಸಂಜೆ ಓಡಾಡಿ ಬಂದು ಕೊಟ್ಟಾಗ 12.1 ಬಂದರೆ, ನಡುವೆ ನುಂಗಿದ ಒಂದು ಮಾತ್ರೆ ಅದನ್ನು ಏರಿಸಿದ್ದಲ್ಲ.