ಮಣ್ಣು ಉಳಿದರೆ ಕಾರ್ಬನ್ ಉಳಿಯುತ್ತದೆಯೇ?

‘ಸೆರಾಮಿಕ್ ಪಾತ್ರೆಗಳನ್ನು 3ಡಿ ಪ್ರಿಂಟ್ ಮಾಡಿದರೆ ಮಣ್ಣು ವ್ಯರ್ಥವಾಗುವುದಿಲ್ಲ, ಹಾಗಾಗಿ ವಾತಾವರಣಕ್ಕೆ ಸೇರುವ ಕಾರ್ಬನ್ ಕಡಿಮೆ ಅಲ್ಲವೇ ಸರ್?’ ಎಷ್ಟನೇ ಸಲ ಈ ಪ್ರಶ್ನೆ ಬರುತ್ತಿದೆಯೋ, ಲೆಕ್ಕ ಬಿಟ್ಟಿದ್ದೇನೆ. ಅಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಆ ಮಾತು ಲೋಹಕ್ಕೆ ಸರಿ. ಉಕ್ಕನ್ನು ಕಡೆದಾಗ ಉದುರಿದ ಚೂರು ಮತ್ತೆ ಉಕ್ಕಾಗಬೇಕಾದರೆ ಕುಲುಮೆ ಬೇಕು. ಹಸಿ ಮಣ್ಣಿಗೆ ಏನು ಬೇಕು? ನೀರು. ತಿಗರಿಯ ಸುತ್ತ ಬಿದ್ದ ಕೆಸರನ್ನು ಯಾವ ಕುಂಬಾರರೂ ಎಸೆಯುವುದಿಲ್ಲ; ನೆನೆಸಿ, ನಾದಿ, ಅದರಲ್ಲೇ ಇನ್ನೊಂದು ಮಡಕೆ ಮಾಡುತ್ತಾರೆ. ಪ್ರಿಂಟರ್ ಬಂದು ಉಳಿಸಲು ಅಲ್ಲಿ ವ್ಯರ್ಥವೇ ಇರಲಿಲ್ಲ. ಅದು ಮಾಡುವುದೂ ತಿಗರಿಯ ಕೆಲಸವನ್ನೇ: ಆಕಾರ ಕೊಡುವುದು. ಕಾರ್ಬನ್ ಲೆಕ್ಕ ಏರುವುದು ಪಾತ್ರೆ ಸುಡುವ ಗೂಡಿನ ಬಾಗಿಲು ಮುಚ್ಚಿದ ಮೇಲೆ.

ಒಂದು ಕಿಲೋ ಒಣಮಣ್ಣನ್ನು 1200 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು, ಬರೀ ಮಣ್ಣಿನ ಲೆಕ್ಕವಾದರೆ, ಹೆಚ್ಚುಕಡಿಮೆ ಅರ್ಧ ಯೂನಿಟ್ ಕರೆಂಟ್ ಸಾಕು. ಗೂಡು ಎಳೆಯುವುದು ಅದರ ಹಲವು ಪಟ್ಟು. ಸುಟ್ಟ ಮರುದಿನ ಗೂಡು ತೆರೆದು ನೋಡಿ. ಮೇಲಿನ ತೆಳು ಬಟ್ಟಲನ್ನು ಬರಿಗೈಯಲ್ಲಿ ಎತ್ತಬಹುದು. ಕೆಳಗಿನ ದಪ್ಪ ಹಲಗೆ ಮುಟ್ಟಿದರೆ ಇನ್ನೂ ಚುರುಕ್ ಎನ್ನುತ್ತದೆ. ನಾವು ದುಡ್ಡು ಕೊಟ್ಟು ಕಾಯಿಸಿದ್ದು ಹೆಚ್ಚಾಗಿ ಇಟ್ಟಿಗೆ, ಹಲಗೆಗಳನ್ನು.

ಹಾಗಾಗಿ ಕಾರ್ಬನ್ ಇಳಿಸುವ ದಾರಿಗಳೆಲ್ಲ ಗೂಡಿನ ಸುತ್ತಲೇ ಇವೆ. ಹಳೆಯ ಗಾಜನ್ನು ಪುಡಿಮಾಡಿ ಮಣ್ಣಿಗೆ ಬೆರೆಸಿದರೆ ಅದು ಕಡಿಮೆ ಶಾಖದಲ್ಲೇ ಬಿಗಿಯಾಗುತ್ತದೆ. ಎರಡು ಸಲ ಸುಡುವ ಬದಲು ಮೆರುಗಿನ ಸಮೇತ ಒಂದೇ ಸಲ ಸುಡಬಹುದು. ಪ್ರಿಂಟರ್ ನಿಜಕ್ಕೂ ನೆರವಾಗುವುದು ಇಲ್ಲಿ: ಒಳಗೆ ಟೊಳ್ಳಾದ, ತೆಳು ಗೋಡೆಯ ವಸ್ತು ಮಾಡಿದರೆ ಸುಡಬೇಕಾದ ತೂಕವೇ ಇಳಿಯುತ್ತದೆ.

ಗೂಡೇ ಬೇಡವೆಂದರೆ ಜಿಯೋಪಾಲಿಮರ್ ಇದೆ. ಕಲ್ಲಿದ್ದಲು ಉರಿಸಿ ಉಳಿದ ಹಾರುಬೂದಿಗೆ ಕ್ಷಾರದ ದ್ರಾವಣ ಬೆರೆಸಿ ಪ್ರಿಂಟ್ ಮಾಡಿದರೆ 100 ಡಿಗ್ರಿಯೊಳಗೇ ಗಟ್ಟಿಯಾಗುತ್ತದೆ. ಆದರೆ ಅದಕ್ಕೆ ಬಳಸುವ ಸೋಡಿಯಂ ಸಿಲಿಕೇಟ್ ಸಾಮಾನ್ಯವಾಗಿ ಮರಳು, ಸೋಡಾ ಕರಗಿಸುವ ಕುಲುಮೆಯಿಂದಲೇ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಲೈವ್ ರಾಂಡಲ್ ತಂಡ 2016ರಲ್ಲಿ ಮುಂದಿಟ್ಟ ಕೋಲ್ಡ್ ಸಿಂಟರಿಂಗ್‌ಗೆ, ಅಂದರೆ ಪುಡಿಗೆ ತುಸು ದ್ರವ ಬೆರೆಸಿ ಒತ್ತಿ ಗಟ್ಟಿಮಾಡುವ ವಿಧಾನಕ್ಕೆ, 300 ಡಿಗ್ರಿಗಿಂತ ಕಡಿಮೆ ಶಾಖ ಸಾಕು. ಆದರೆ ಅಚ್ಚಿನಲ್ಲಿಟ್ಟು ಬಲವಾಗಿ ಒತ್ತಬೇಕು. ಪ್ರಿಂಟ್ ಮಾಡಿದ ನಾಜೂಕು ಆಕಾರ ಆ ಒತ್ತಡ ತಡೆಯುವುದು ಕಷ್ಟ.

‘ಸುಡದೇ ಬಿಟ್ಟರೆ ಆಗದೇ?’ ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಹಸಿ ಮಡಕೆಗೆ ನೀರು ಹೊಯ್ದರೆ ಕುಸಿಯುತ್ತದೆ. ಸುಮಾರು 600 ಡಿಗ್ರಿ ದಾಟಿ, ಮಣ್ಣಿನ ಕಣಕಣದಲ್ಲಿ ಬೆಸೆದ ನೀರು ಹೊರಟ ಮೇಲಷ್ಟೇ ಅದು ಮತ್ತೆ ಕೆಸರಾಗದು. ಆದರೆ ಗೋಡೆ ನೀರು ತುಂಬಿಡುವ ಪಾತ್ರೆಯಲ್ಲವಲ್ಲ! ಇಟಲಿಯ ಮಾಸ್ಸಾ ಲೊಂಬಾರ್ದಾದಲ್ಲಿ 2021ರಲ್ಲಿ ಮುಗಿದ ಟೆಕ್ಲಾ ಮನೆಯನ್ನು ಸ್ಥಳೀಯ ಮಣ್ಣಿನಿಂದಲೇ ಪ್ರಿಂಟ್ ಮಾಡಿದರು. 60 ಘನ ಮೀಟರ್ ಸಾಮಗ್ರಿ, 200 ಗಂಟೆ, ಸರಾಸರಿ 6 ಕಿಲೋವಾಟ್‌ಗಿಂತ ಕಡಿಮೆ ವಿದ್ಯುತ್. ಆ ಗೋಡೆ ಗೂಡನ್ನು ಕಂಡೇ ಇಲ್ಲ. ಹಾಗಾಗಿ ಅದನ್ನು ಸೆರಾಮಿಕ್ ಎಂದು ಮಾತ್ರ ಕರೆಯಬೇಡಿ, ಅದು ಮಣ್ಣೇ.