ಸಮುದಾಯ ತೋಟ ಎಂದರೆ ಯಾವುದು, ಯಾವುದಲ್ಲ

ಗುತ್ತಿಗೆದಾರ ಹುಲ್ಲು ಹಾಸಿ, ನಾಲ್ಕು ಬೆಂಚು ಹಾಕಿಸಿ, 'ಗಿಡ ಮುಟ್ಟಬೇಡಿ' ಎಂದು ಫಲಕ ನೆಟ್ಟ ಜಾಗಕ್ಕೂ ಈಗ 'ಸಮುದಾಯ ತೋಟ' ಎಂಬ ಹೆಸರು. ಅದು ಉದ್ಯಾನ. ಅದರ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ ಗಿಡ ಮುಟ್ಟಲೂ ಅಪ್ಪಣೆಯಿಲ್ಲದ ಮೇಲೆ ಅದು ಸಮುದಾಯದ ತೋಟ ಹೇಗಾದೀತು? ಯಾವ ಪಾತಿ ಯಾರಿಗೆ, ನೀರಿನ ಸರದಿ ಯಾವಾಗ, ಗೇಟಿನ ಬೀಗದ ಕೈ ಯಾರ ಬಳಿ ಎಂಬುದನ್ನು ಅಲ್ಲಿ ಬೆಳೆಯುವವರೇ ಕೂತು ತೀರ್ಮಾನಿಸಿದರೆ ಮಾತ್ರ ಆ ಹೆಸರು ಒಪ್ಪುತ್ತದೆ.

ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಮಾಲೀಕರು ಕೈಬಿಟ್ಟ ಕಟ್ಟಡಗಳು ಉರುಳಿ, ಖಾಲಿ ನಿವೇಶನಗಳು ಕಸದ ಗುಂಡಿಗಳಾಗಿದ್ದವು. ಅಲ್ಲಿನ ನಿವಾಸಿ ಲಿಜ್ ಕ್ರಿಸ್ಟಿ ಮತ್ತು ಅವರ 'ಗ್ರೀನ್ ಗೆರಿಲ್ಲಾಸ್' ಬಳಗ 1973ರಲ್ಲಿ ಅಂಥದ್ದೊಂದು ನಿವೇಶನವನ್ನು ತಾವೇ ಕಸ ಬಳಿದು, ಹಸನು ಮಾಡಿ ತೋಟವಾಗಿಸಿತು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಇಂಥ ನೆಲದಲ್ಲಿ ಇಟ್ಟಿಗೆ ಚೂರಿನ ಜೊತೆಗೆ ಹಳೆಯ ಬಣ್ಣದಲ್ಲಿದ್ದ ಸೀಸವೆಂಬ ವಿಷಕಾರಿ ಲೋಹವೂ ಸೇರಿರುತ್ತದೆ. ಆದ್ದರಿಂದಲೇ ಹಲಗೆಯ ಚೌಕಟ್ಟು ಕಟ್ಟಿ, ಹೊಸ ಮಣ್ಣು ತುಂಬಿ, ಎತ್ತರದ ಪಾತಿಯಲ್ಲಿ ಬೆಳೆಯುತ್ತಾರೆ; ಅಂದಕ್ಕಾಗಿ ಅಲ್ಲ.

ಇನ್ನು ಸಮುದಾಯ ತೋಟದ ಪರವಾಗಿ ಎಲ್ಲರೂ ಉದಾಹರಿಸುವ, ಅಮೆರಿಕದ ಫಿಲಡೆಲ್ಫಿಯಾ ನಗರದ ಅಧ್ಯಯನ. 541 ಖಾಲಿ ನಿವೇಶನಗಳನ್ನು ಆಯ್ದು, ಕೆಲವನ್ನು ಹಸಿರಾಗಿಸಿ ನೋಡಿದಾಗ, ಅಂಥವುಗಳ ಸುತ್ತಲಿನವರಲ್ಲಿ ಖಿನ್ನತೆಯ ಭಾವ ಶೇ 41.5ರಷ್ಟು ತಗ್ಗಿತ್ತು ಎಂದು 2018ರಲ್ಲಿ ವರದಿಯಾಯಿತು. ಸರಿ. ಆದರೆ ಅಲ್ಲಿ ಮಾಡಿದ್ದು ಕಸ ತೆಗೆದು, ಹುಲ್ಲು ಮತ್ತು ಮರ ನೆಟ್ಟು, ಗಿಡ್ಡ ಬೇಲಿ ಹಾಕಿದ ಕೆಲಸ. ಒಂದು ಟೊಮೆಟೊ ಬಳ್ಳಿಯನ್ನೂ ಹಬ್ಬಿಸದ ಪ್ರಯೋಗವನ್ನು ಸಮುದಾಯ ತೋಟದ ಸಾಧನೆಯೆಂದು ಎಷ್ಟು ಸಲ ಓದಬೇಕೋ!

ತೋಟದ್ದೇ ಪುರಾವೆ ಬೇಕಿದ್ದರೆ ನ್ಯೂಯಾರ್ಕ್ ರಾಜ್ಯದ 63 ತೋಟಗಳ ಕುರಿತ, 2000ರಲ್ಲಿ ಪ್ರಕಟವಾದ ಅಧ್ಯಯನವಿದೆ. ಬಡ ಬಡಾವಣೆಯ ತೋಟಗಳು ನೆರೆಹೊರೆಯ ಬೇರೆ ಸಮಸ್ಯೆಗಳನ್ನೂ ಕೈಗೆತ್ತಿಕೊಳ್ಳಲು ದಾರಿಯಾದದ್ದು ಉಳಿದೆಡೆಗಿಂತ ನಾಲ್ಕು ಪಟ್ಟು ಹೆಚ್ಚು. ಒಂದು ಪಾತಿಯ ಸೊಪ್ಪಿನಿಂದ ಮನೆಯ ಹಸಿವು ನೀಗದು. ಆದರೆ ನೀರಿನ ಸರದಿಗೆ ಜಗಳವಾಡಿ ರಾಜಿಯಾದವರು ಒಟ್ಟಾಗಿ ಅರ್ಜಿ ಹಿಡಿದು ಹೋಗಬಲ್ಲರು.

ತೋಟ ಬಂದಲ್ಲಿ ಮನೆಗಳ ಬೆಲೆಯೂ ಏರುತ್ತದೆ. ಸ್ವಂತ ಮನೆಯವರು ಅದನ್ನು ಅಭಿವೃದ್ಧಿ ಎನ್ನುತ್ತಾರೆ, ಬಾಡಿಗೆದಾರರನ್ನು ಯಾರೂ ಕೇಳುವುದಿಲ್ಲ. ನೆಲದ ಪತ್ರವಂತೂ ಬೆಳೆದವರ ಹೆಸರಿನಲ್ಲಿ ಇರುವುದು ಅಪರೂಪ. 1999ರಲ್ಲಿ ನ್ಯೂಯಾರ್ಕ್ ನಗರಾಡಳಿತ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಟ್ಟಿತು. ಪ್ರತಿಭಟನೆಗಳು ನಡೆದವು, ಮೊಕದ್ದಮೆ ಹೂಡಿದರು. ಕೊನೆಗೆ ಲಾಭರಹಿತ ಸಂಸ್ಥೆಗಳು ದುಡ್ಡು ಕೊಟ್ಟು ಅವನ್ನು ಕೊಂಡುಕೊಳ್ಳಬೇಕಾಯಿತು.